ಮನೆ–ಮಕ್ಕಳು: ಆಡುವ ಮಕ್ಕಳೂ ಆಡುವ ಮಾತೂ



ಈ ತಿಂಗಳು ಬಂದ ಕಾಗದಗಳಲ್ಲಿ ಒಂದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಬರೆದವರು ಒಬ್ಬ ಗೃಹಸ್ಥರು. ಹೆಸರನ್ನು ಪ್ರಕಟಿಸಬಾರದೆಂದು ಕೇಳಿಕೊಂಡಿರುವರು. ಅವರ ಮಗನಿಗೆ ಹನ್ನೆರಡು ವರ್ಷ. ಒಂದು ವರ್ಷದಿಂದ ಬಾಸ್ಕೆಟ್‌ಬಾಲ್ ಆಡುತ್ತಿದ್ದವನು ಈಗ ಚೆಂಡನ್ನು ಮುಟ್ಟಲೊಲ್ಲನು. ಕಾರಣವೇನೆಂದು ಕೇಳಿದರೆ ಹೇಳಲೊಲ್ಲನು. “ಆಟದಲ್ಲಿ ಹಿಂದೆ ಬಿದ್ದ ಹುಡುಗನನ್ನು ಗದರಿಸಿ ಮುಂದಕ್ಕೆ ತರುವುದು ಒಳ್ಳೆಯದೋ, ಬೆನ್ನು ತಟ್ಟಿ ತರುವುದು ಒಳ್ಳೆಯದೋ? ಸುಮ್ಮನೆ ಬೆನ್ನು ತಟ್ಟುತ್ತ ಹೋದರೆ ಮಕ್ಕಳು ಮೆತ್ತಗಾಗುವುದಿಲ್ಲವೇ?” ಎಂಬುದು ಅವರ ಪ್ರಶ್ನೆ.

ಇದಕ್ಕೆ ಉತ್ತರ ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ವಾಚಕರೇ ತೀರ್ಮಾನಿಸತಕ್ಕದ್ದು. ಏಕೆಂದರೆ ಈ ವಿಷಯದಲ್ಲಿ ನಾನು ಕಲಿತುದೆಲ್ಲವೂ ಮೊದಲು ತಪ್ಪು ಮಾಡಿ ಕಲಿತುದು. ಆ ತಪ್ಪನ್ನು ಮೊದಲು ಒಪ್ಪಿಸಿಬಿಡುತ್ತೇನೆ.

ನಮ್ಮ ಊರು ಮಂಗಳೂರು. ಹೆಸರು ಕೇಳಿದೊಡನೆ ಕಡಲನ್ನೂ ತೆಂಗಿನ ತೋಟಗಳನ್ನೂ ನೆನೆಯುವವರು ತುಸು ತಡೆಯಬೇಕು. ನಮ್ಮದು ಕೊಪ್ಪಳ ಜಿಲ್ಲೆಯ ಮಂಗಳೂರು, ಕುಕನೂರಿನ ನೆರೆ, ಜೋಳ ಕಡಲೆಗಳನ್ನು ಬೆಳೆಯುವ ಎರೆಯ ಸೀಮೆ. ಇಲ್ಲಿಯ ಹುಡುಗರಿಗೆ ಕಬಡ್ಡಿ, ಖೋ ಖೋ, ಚಿಣಿಪಣಿಗಳು ತೊಟ್ಟಿಲಿನಿಂದಲೇ ಪರಿಚಿತವಾದವು. ಬಾಸ್ಕೆಟ್‌ಬಾಲ್ ಹಾಗಲ್ಲ. ಕೆಲವು ವರ್ಷಗಳ ಕೆಳಗೆ ಈ ಸೀಮೆಯ ಒಂದು ಶಾಲೆಯ ಬಯಲಿನಲ್ಲಿ ಎರಡು ಕಬ್ಬಿಣದ ಕಂಬಗಳನ್ನು ನೆಟ್ಟು, ಹಲಗೆ ಕಟ್ಟಿ, ಬಳೆ ತೂಗಹಾಕಿ ಈ ಆಟವನ್ನು ಆರಂಭಿಸಿದರು. ವರ್ಷ ತುಂಬುವುದರೊಳಗಾಗಿ ಡ್ರಿಲ್ ಮಾಸ್ತರರಿಗೆ ವರ್ಗವಾಯಿತು. ಕಾಲೇಜಿನಲ್ಲಿ ಎರಡು ವರ್ಷ ಆಡಿದ್ದೆನೆಂಬ ಒಂದೇ ಯೋಗ್ಯತೆಯ ಮೇಲೆ ಹುಡುಗರನ್ನು ಪಳಗಿಸುವ ಕೆಲಸವು ನನ್ನ ಕೊರಳಿಗೆ ಬಿದ್ದಿತು.

ಆಗ ನನಗೆ ಗೊತ್ತಿದ್ದ ಕಲಿಸುವ ರೀತಿಯೆಂದರೆ ನನಗೆ ಕಲಿಸಿದವರ ರೀತಿ. ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬ ಮಾತು ನಮ್ಮ ಕಡೆಯಲ್ಲಿ ಅಜ್ಜಂದಿರ ಕಾಲದಿಂದಲೂ ನಡೆದುಬಂದಿರುವುದಷ್ಟೆ. ಛಡಿಯನ್ನು ನಾನು ಕೈಯಲ್ಲಿ ಹಿಡಿಯಲಿಲ್ಲವೆಂಬುದು ನಿಜ. ಆದರೆ ಅದನ್ನು ನಾಲಿಗೆಯ ಮೇಲೆ ಇರಿಸಿಕೊಂಡಿದ್ದೆನು.

ತಂಡದಲ್ಲಿ ಎಲ್ಲರಿಗಿಂತ ಗಿಡ್ಡನಾದ ಹುಡುಗನೊಬ್ಬನಿದ್ದನು. ಚೆಂಡು ಕೈಗೆ ಬಂದೊಡನೆ ಅವನ ಕಣ್ಣು ನೆಲಕ್ಕೆ ಇಳಿಯುತ್ತಿತ್ತು. ಪುಟಿಯುವ ಚೆಂಡನ್ನೇ ನೋಡುತ್ತ ನೋಡುತ್ತ ಅದನ್ನು ಎದುರಾಳಿಯ ಕೈಗೆ ಒಪ್ಪಿಸಿಬಿಡುವನು. ನೆರೆಯೂರಿನ ಹುಡುಗರೊಡನೆ ಪಂದ್ಯ ನಡೆದ ಒಂದು ಸಂಜೆ ಹೀಗೆಯೇ ಮೂರು ಸಲ ಆಯಿತು. “ಕಣ್ಣು ಎಲ್ಲಿಟ್ಟೀಯೋ? ನಿನಗ ಚೆಂಡು ಯಾಕ, ಎಮ್ಮಿ ಕಾಯಾಕ ಹೋಗು!” ಎಂದು ಕೂಗಿದೆನು. ಸುತ್ತಲಿದ್ದವರು ನಕ್ಕರು. ಅವನ ತಂದೆಯೂ ಆ ಗುಂಪಿನಲ್ಲಿದ್ದನು, ಆತನೂ ನಕ್ಕನು. ಹುಡುಗನು ಮಾತ್ರ ನಗಲಿಲ್ಲ, ಅಳಲೂ ಇಲ್ಲ. ಮರುದಿನದಿಂದ ಬರುವುದನ್ನು ಬಿಟ್ಟನು. ಅವನ ಹಿಂದೆಯೇ ಇನ್ನೊಬ್ಬನೂ ಬಿಟ್ಟನು.

ಒಂದು ವಾರ ಕಳೆದ ಮೇಲೆ, ತಂಡಕ್ಕೆ ಆಳು ಸಾಲದೆಂಬ ಸ್ವಾರ್ಥದಿಂದಲೇ ಎನ್ನಬೇಕು, ಆ ಗಿಡ್ಡ ಹುಡುಗನ ಮನೆಗೆ ಹೋದೆನು. ಅವನ ಅಜ್ಜಿಯು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕುಡಿಯಲು ನೀರು ಕೊಡಿಸಿದಳು. “ಯವ್ವಾ, ಹುಡುಗ ಆಡಾಕ ಬರವಲ್ಲ ಯಾಕ?” ಎಂದು ಕೇಳಿದೆನು. ಅವಳು ಮೊರದಿಂದ ಕಣ್ಣು ತೆಗೆಯದೆ, “ಆಡಾಕ ಬರತಿದ್ನಪ್ಪಾ ಅಂವ. ಬೈಸಿಕೊಳ್ಳಾಕ ಅಲ್ಲಿತನಕ ಯಾಕ ಬರಬೇಕು? ಅದಕ್ಕ ಮನ್ಯಾಗ ನಾವೆಲ್ಲಾ ಇದ್ದೀವಲ್ಲ” ಎಂದಳು. ಹುಡುಗನು ಬಾಗಿಲ ಹಿಂದೆ ನಿಂತಿದ್ದುದು ಕಾಣುತ್ತಿತ್ತು. ಅವನು ಹೊರಗೆ ಬರಲಿಲ್ಲ. ನಾನು ಕರೆಯಲೂ ಇಲ್ಲ. ಏನೆಂದು ಕರೆಯಬೇಕೆಂಬುದೇ ನನಗೆ ತೋಚಲಿಲ್ಲ.

ಆ ರಾತ್ರಿ ಈ ಆಟದ ಹುಟ್ಟಿನ ಕಥೆಯನ್ನು ಮತ್ತೊಮ್ಮೆ ತೆರೆದು ಓದಿದೆನು. ಅದನ್ನು ವಾಚಕರಿಗೂ ಸಂಕ್ಷೇಪವಾಗಿ ಹೇಳುವುದು ಉಚಿತ. ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಕ್ರೈಸ್ತ ಯುವಕರ ಸಂಘದ ಶಿಕ್ಷಣಶಾಲೆಯಿದ್ದಿತು. 1891ನೆಯ ಇಸವಿಯ ಚಳಿಗಾಲದಲ್ಲಿ, ಹೊರಗೆ ಹಿಮ ಬೀಳುತ್ತಿರುವಾಗ, ಒಳಗೆ ಕೂಡಿಹಾಕಿದ ತರುಣರ ಒಂದು ವರ್ಗವು ಯಾವ ಮಾಸ್ತರನಿಗೂ ಬಗ್ಗದೆ ಹೋಯಿತು. ಕೆನಡಾ ದೇಶದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನಿಗೆ ಆ ವರ್ಗವನ್ನು ಒಪ್ಪಿಸಿದರು. ಆತನು ಅವರನ್ನು ದಂಡಿಸುವ ಉಪಾಯವನ್ನು ಹುಡುಕಲಿಲ್ಲ. ಅವರಿಗೆ ಒಂದು ಹೊಸ ಆಟವನ್ನೇ ಕಲ್ಪಿಸಿದನು. ನೂಕಾಟ ತಳ್ಳಾಟಗಳಿಗೆ ಅವಕಾಶವಿರಬಾರದೆಂದು ಚೆಂಡನ್ನು ಹಿಡಿದುಕೊಂಡು ಓಡುವುದನ್ನು ನಿಷೇಧಿಸಿದನು. ಬಲದಿಂದ ಬಡಿದರೆ ಫಲವಿಲ್ಲದಂತೆ ಗುರಿಯನ್ನು ತಲೆಯ ಮೇಲೆ ಇರಿಸಿದನು. ವ್ಯಾಯಾಮ ಮಂದಿರದ ಮೇಲಣ ಮೊಗಸಾಲೆಯ ಕಟಾಂಜನಕ್ಕೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿಸಿದನು. ಅದು ನೆಲದಿಂದ ಹತ್ತು ಅಡಿ ಎತ್ತರದಲ್ಲಿದ್ದಿತು. ಆದುದರಿಂದ ಇಂದಿಗೂ ಬಳೆಯ ಎತ್ತರ ಹತ್ತು ಅಡಿ. ನಿಯಮಗಳು ಹದಿಮೂರು.

ಡಿಸೆಂಬರ್ 21ರಂದು ಒಂಬತ್ತು ಒಂಬತ್ತು ಮಂದಿಯ ಎರಡು ಪಕ್ಷಗಳು ಮೊದಲನೆಯ ಆಟವನ್ನು ಆಡಿದವು. ಹದಿನೆಂಟು ಮಂದಿ ಬೆಳೆದ ಗಂಡಸರು ಸೇರಿ ಆಡಿದ ಆ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಒಂದು ಸಲ! ನಮ್ಮ ಮಗುವಿನ ಚೆಂಡು ಹತ್ತು ಸಲ ಬಳೆಗೆ ತಾಗಿ ಹೊರಕ್ಕೆ ಹಾರಿದಾಗ ಹುಬ್ಬು ಗಂಟಿಕ್ಕುವ ತಂದೆತಾಯಿಗಳು ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಇನ್ನೊಂದು ಲೆಕ್ಕವನ್ನೂ ಹೇಳುವೆನು. ಇದೇ ನೈಸ್ಮಿತ್ ಮುಂದೆ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ತಂಡವನ್ನು ಪಳಗಿಸಿದನು. ಆತನ ಕಾಲದಲ್ಲಿ ಆ ತಂಡವು ಗೆದ್ದುದು 55 ಆಟ, ಸೋತುದು 60. ಆಟವನ್ನು ಸೃಷ್ಟಿಸಿದಾತನೇ ಗೆದ್ದುದಕ್ಕಿಂತ ಹೆಚ್ಚು ಸೋತನು. ಆದರೂ ಅವನ ಹೆಸರಿಗೆ ಕುಂದು ಬರಲಿಲ್ಲ.

ಒರಟುತನವನ್ನು ಅಡಗಿಸುವುದಕ್ಕಾಗಿಯೇ ಹುಟ್ಟಿದ ಆಟವಿದು. ಇದನ್ನು ಕಲಿಸುವ ನನ್ನ ಬಾಯಿಯೇ ಒರಟಾಗಿದ್ದಿತು. ನಿಯಮ ಮುರಿದವನು ಹುಡುಗನಲ್ಲ, ನಾನು ಎಂದು ಅಂದು ಮನಸ್ಸಿಗೆ ಹೊಳೆಯಿತು.

ಹಾಗಾದರೆ ಏನು ಮಾಡಬೇಕು? ಬೈಗಳ ಜಾಗದಲ್ಲಿ ಹೊಗಳಿಕೆಯನ್ನು ತುಂಬಿದರೆ ಆಯಿತೇ? ಮೊದಲು ನಾನೂ ಹಾಗೆಯೇ ತಿಳಿದು, ಎರಡು ದಿನ ಕಂಡಕಂಡದ್ದಕ್ಕೆಲ್ಲ “ಶಾಬಾಸ್, ಶಾಬಾಸ್” ಎಂದೆನು. ಮೂರನೆಯ ದಿನ ಹುಡುಗರು ತಾವೇ ತಮಾಷೆಗೆ ಒಬ್ಬರಿಗೊಬ್ಬರು ‘ಶಾಬಾಸ್’ ಎನ್ನತೊಡಗಿದರು. ಮಕ್ಕಳಿಗೆ ಖೋಟಾ ನಾಣ್ಯದ ಸಪ್ಪಳವು ದೊಡ್ಡವರಿಗಿಂತ ಬೇಗ ತಿಳಿಯುತ್ತದೆ.

ಇಲ್ಲಿ ನನಗೆ ದಾರಿ ತೋರಿಸಿದುದು ಅಮೇರಿಕದಲ್ಲಿಯೇ ನಡೆದ ಒಂದು ಪರಿಶೀಲನೆ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡಕ್ಕೆ ಜಾನ್ ವುಡನ್ (1910–2010) ಎಂಬವರು ಗುರುಗಳಾಗಿದ್ದರು. 1964ರಿಂದ 1975ರ ವರೆಗಿನ ಹನ್ನೆರಡು ವರ್ಷಗಳಲ್ಲಿ ಅವರ ತಂಡವು ಹತ್ತು ಸಲ ರಾಷ್ಟ್ರದ ಕಾಲೇಜು ಪಂದ್ಯಗಳಲ್ಲಿ ಪ್ರಥಮ ಸ್ಥಾನ ಪಡೆಯಿತು. ಇಷ್ಟು ಗೆಲ್ಲುವ ಗುರುವು ಏನು ಮಾತನಾಡುತ್ತಾನೆಂಬ ಕುತೂಹಲದಿಂದ ಗ್ಯಾಲಿಮೋರ್ ಮತ್ತು ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1974–75ರಲ್ಲಿ ಅವರ ಅಭ್ಯಾಸಗಳಿಗೆ ಹೋಗಿ ಕುಳಿತು, ಹದಿನೈದು ದಿನಗಳ ಕಲಿಸುವಿಕೆಯನ್ನು ಒಂದೊಂದಾಗಿ ಎಣಿಸಿ ಬರೆದುಕೊಂಡರು. ಒಟ್ಟು 2,326 ಸಂಗತಿಗಳು ಲೆಕ್ಕಕ್ಕೆ ಸಿಕ್ಕಿದವು. ಅವುಗಳಲ್ಲಿ ಬರಿಯ ಹೊಗಳಿಕೆಯು ನೂರಕ್ಕೆ ಏಳರಷ್ಟು. ಬರಿಯ ಅಸಮಾಧಾನವೂ ಸುಮಾರು ಅಷ್ಟೇ. ನೂರಕ್ಕೆ ಎಪ್ಪತ್ತೈದರಷ್ಟು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಹೇಳಿಕೊಡುವ ಮಾತುಗಳೇ ಅವು! ತಪ್ಪಾದೊಡನೆ ಅವರು ಆಟವನ್ನು ತಡೆದು, ಸರಿಯಾದುದನ್ನು ತಾವೇ ಮಾಡಿ ತೋರಿಸುವರು. ಹುಡುಗನು ಮಾಡಿದ ತಪ್ಪನ್ನು ಒಮ್ಮೆ ತೋರಿಸುವರು. ಸರಿಯಾದುದನ್ನು ಮತ್ತೊಮ್ಮೆ ತೋರಿಸುವರು. ಕೂಡಲೇ ಆಟವನ್ನು ಮುಂದುವರಿಸುವರು. ಇಷ್ಟೆಲ್ಲ ಕೆಲವೇ ಕ್ಷಣಗಳ ಕೆಲಸ.

ನಾನೂ ಇದೇ ಪರೀಕ್ಷೆಯನ್ನು ನನ್ನ ಮೇಲೆ ಮಾಡಿಕೊಂಡೆನು. ಕಾಲು ಉಳುಕಿ ಬದಿಗೆ ಕುಳಿತಿದ್ದ ದೊಡ್ಡ ಹುಡುಗನೊಬ್ಬನ ಕೈಗೆ ಒಂದು ನೋಟುಬುಕ್ಕು ಕೊಟ್ಟು, “ನಾನು ಬೈದರೆ ಇಲ್ಲೊಂದು ಗೆರೆ, ಹೊಗಳಿದರೆ ಇಲ್ಲೊಂದು, ಹೇಳಿಕೊಟ್ಟರೆ ಇಲ್ಲೊಂದು ಎಳಿ” ಎಂದೆನು. ಮೊದಲನೆಯ ಸಂಜೆ ಅವನು ಸಂಕೋಚದಿಂದಲೇ ಆ ಪುಟವನ್ನು ನನ್ನ ಮುಂದೆ ಹಿಡಿದನು. ಬೈಗಳ ಮನೆಯಲ್ಲಿ ಗೆರೆಗಳಿಗೆ ಎಡೆಯಿಲ್ಲದೆ ಅವು ಅಂಚಿಗೆ ಹರಿದಿದ್ದವು. ಹೇಳಿಕೊಟ್ಟುದರ ಗೆರೆಗಳು ಒಂದು ಕೈಯ ಬೆರಳುಗಳಿಗಿಂತ ಹೆಚ್ಚಿರಲಿಲ್ಲ. ನಾನು ಕಲಿಸುತ್ತಿದ್ದೇನೆಂದು ನಂಬಿದ್ದೆನು, ನಾನು ಕೂಗುತ್ತಿದ್ದೆನಷ್ಟೆ.

ಬೈಗಳಿಗೂ ಪಾಠಕ್ಕೂ ಇರುವ ಭೇದವನ್ನು ಒಂದು ದೃಷ್ಟಾಂತದಿಂದ ಹೇಳುವೆನು. “ಕಣ್ಣು ಎಲ್ಲಿಟ್ಟೀಯೋ?” ಎಂದರೆ ಹುಡುಗನಿಗೆ ತನ್ನ ತಪ್ಪು ಮಾತ್ರ ತಿಳಿಯುತ್ತದೆ. ಅದು ಅವನಿಗೆ ಮೊದಲೇ ತಿಳಿದಿದೆ. ಚೆಂಡು ಕೈಬಿಟ್ಟುದು ಅವನಿಗಲ್ಲದೆ ಮತ್ತಾರಿಗೆ ಮೊದಲು ಗೊತ್ತಾಗಬೇಕು? “ಚೆಂಡು ನೋಡಬ್ಯಾಡ, ನಿನ್ನ ಗೆಳೆಯನ ಮಾರಿ ನೋಡು. ಚೆಂಡಿನ ಕಾಳಜಿ ಬೆರಳು ಮಾಡತಾವ” ಎಂದರೆ ಮುಂದಿನ ಸಲ ಮಾಡಬೇಕಾದ ಒಂದು ಕೆಲಸವು ಅವನ ಕೈಗೆ ಸಿಕ್ಕಿತು. “ಎಂಥಾ ಎಸೆತಾನೋ!” ಎಂದರೆ ಏನೂ ಹೇಳಿದಂತಾಗಲಿಲ್ಲ. “ಮೊಣಕಾಲು ಬಗ್ಗಿಸು, ಮೊಣಕೈ ಚೆಂಡಿನ ಕೆಳಗ ಬರಲಿ, ಎಸೆದ ಮ್ಯಾಲೆ ಬೆರಳು ಬಳಿಯ ಕಡೆ ಬಾಗಲಿ” ಎಂದರೆ ಮೂರು ಪಾಠಗಳಾದವು. ಮೂರನ್ನೂ ಒಂದೇ ದಿನ ಹೇಳಬಾರದು. ಇಂದು ಮೊಣಕಾಲು, ನಾಳೆ ಮೊಣಕೈ.

ಹೊಗಳಿಕೆಗೂ ಇದೇ ನ್ಯಾಯ. ‘ಶಾಬಾಸ್’ ಎಂದು ಬಿಟ್ಟುಬಿಡದೆ, “ಈ ಸಲ ತಲಿ ಎತ್ತಿ ನೋಡಿ ಕೊಟ್ಟಿ, ಅದಕ್ಕ ಚೆಂಡು ಸರಿಯಾಗಿ ಮುಟ್ಟಿತು” ಎನ್ನಬೇಕು. ಅಂಕ ಬಂದುದನ್ನಲ್ಲ, ಅವನು ಮಾಡಿದ ಯತ್ನವನ್ನು ಹೆಸರಿಸಿ ಮೆಚ್ಚಬೇಕು. ಅಂಕ ಬರುವುದು ಬಾರದಿರುವುದು ಅವನ ಕೈಯಲ್ಲಿಲ್ಲ. ಯತ್ನವು ಅವನ ಕೈಯಲ್ಲಿದೆ.

“ಹೀಗೆ ಮಾಡಿದರೆ ಮಕ್ಕಳು ಮೆತ್ತಗಾಗುವುದಿಲ್ಲವೇ?” ಎಂಬ ಕಾಗದದವರ ಸಂಶಯಕ್ಕೆ ಈಗ ಬರುತ್ತೇನೆ. ಸವಿಮಾತಿನ ಹೆಸರಿನಲ್ಲಿ ಶಿಸ್ತನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹೊತ್ತಿಗೆ ಸರಿಯಾಗಿ ಬರತಕ್ಕದ್ದು. ಪಂಚನ ತೀರ್ಪಿಗೆ ಎದುರಾಡತಕ್ಕದ್ದಲ್ಲ. ಎದುರಾಳಿ ಬಿದ್ದರೆ ಕೈಕೊಟ್ಟು ಎಬ್ಬಿಸತಕ್ಕದ್ದು. ಗೆಳೆಯನ ತಪ್ಪಿಗೆ ನಗತಕ್ಕದ್ದಲ್ಲ. ಈ ನಾಲ್ಕನ್ನು ನಾನು ಅಂದಿನಿಂದ ಬಹು ಬಿಗಿಯಾಗಿಯೇ ಹಿಡಿದೆನು. ಹೊತ್ತು ಮೀರಿ ಬಂದವನು, ಅವನು ತಂಡದ ಮುಂದಾಳಾದರೂ ಸರಿಯೇ, ಆ ದಿನದ ಮೊದಲನೆಯ ಆಟಕ್ಕೆ ಹೊರಗೆ ಕುಳಿತನು. ಆದರೆ ಅದಕ್ಕೆ ಒಂದು ಬೈಗಳೂ ಬೇಕಾಗಲಿಲ್ಲ. ನಿಯಮವು ಗಟ್ಟಿಯಾಗಿದ್ದಲ್ಲಿ ಧ್ವನಿಯು ಮೆಲ್ಲಗಿರಬಹುದು. ನಮ್ಮ ಸೀಮೆಯ ಗರಡಿಮನೆಗಳ ಒಳ್ಳೆಯ ವಸ್ತಾದರನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಸಾಮು ಮಾಡಿಸುವಾಗ ಅವರು ಬೆವರು ಇಳಿಸದೆ ಬಿಡುವವರಲ್ಲ. ಆದರೆ ಪಟ್ಟನ್ನು ಕಲಿಸುವಾಗ ಹುಡುಗನ ಕೈಯನ್ನು ತಮ್ಮ ಕೈಯಿಂದ ಹಿಡಿದು ಇಡುವರು.

ಕಾನೂನು ಕೂಡ ಈಗ ಇದೇ ಪಕ್ಷದಲ್ಲಿದೆಯೆಂಬುದನ್ನು ಗೃಹಸ್ಥರು ತಿಳಿದಿರಬೇಕು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಶಾಲೆಯ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕೈಯ ಛಡಿಯೊಂದೇ ಅಲ್ಲ, ನಾಲಿಗೆಯ ಛಡಿಯೂ ಅದರಲ್ಲಿ ಅಡಕವಾಗಿದೆ.

ಬೈಗಳಿಂದ ಆಗುವ ನಷ್ಟವೆಷ್ಟು? ಇದನ್ನೂ ಎಣಿಸಿ ನೋಡಿದವರಿದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಮಿತ್ ಮತ್ತು ಸ್ಮೋಲ್ ಎಂಬ ವಿದ್ವಾಂಸರು ಮಕ್ಕಳ ಬೇಸ್‌ಬಾಲ್ ತಂಡಗಳನ್ನು ಬಹುಕಾಲ ಅಭ್ಯಾಸ ಮಾಡಿದರು. ಕೆಲವು ತಂಡಗಳ ಗುರುಗಳಿಗೆ ಸುಮಾರು ಎರಡೂವರೆ ಗಂಟೆಯ ಒಂದೇ ಒಂದು ಪಾಠ ನಡೆಯಿತು. ಯತ್ನವನ್ನು ಮೆಚ್ಚಿರಿ, ತಪ್ಪಾದಾಗ ಧೈರ್ಯ ಹೇಳಿ ಸರಿಯಾದುದನ್ನು ತಿಳಿಸಿರಿ, ದಂಡಿಸಬೇಡಿರಿ ಎಂಬುದೇ ಅದರ ತಾತ್ಪರ್ಯ. ಉಳಿದ ಗುರುಗಳು ತಮ್ಮ ರೂಢಿಯಂತೆ ನಡೆದರು. 1992ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಪಾಠ ಕೇಳದ ಗುರುಗಳ ಮಕ್ಕಳಲ್ಲಿ ನೂರಕ್ಕೆ 26 ಮಂದಿ ಮರುವರ್ಷ ಆಟಕ್ಕೆ ಬರಲಿಲ್ಲ. ಪಾಠ ಕೇಳಿದ ಗುರುಗಳ ಮಕ್ಕಳಲ್ಲಿ ಬಾರದವರು ನೂರಕ್ಕೆ ಐದು ಮಂದಿ ಮಾತ್ರ. ತಮ್ಮ ಮೇಲೆ ತಮಗೆ ನಂಬಿಕೆ ಕಡಿಮೆಯಿರುವ ಮಕ್ಕಳಿಗೇ ಗುರುವಿನ ಇಂಥ ನಡತೆಯಿಂದ ಹೆಚ್ಚು ಪ್ರಯೋಜನವಾಗುತ್ತದೆಂದೂ ಅದೇ ವಿದ್ವಾಂಸರು ಕಂಡುಕೊಂಡಿರುವರು. ಧೈರ್ಯವುಳ್ಳ ಹುಡುಗನು ಬೈಗಳನ್ನು ಕೊಡವಿಕೊಂಡು ನಡೆದಾನು. ಅಂಜುಬುರುಕನಿಗೆ ಅದು ಎದೆಯಲ್ಲಿ ಕೂಡುತ್ತದೆ. ನಾವು ಬೈಯುವುದೂ ಸಾಮಾನ್ಯವಾಗಿ ಅವನನ್ನೇ.

ಇನ್ನು ಅವಕಾಶದ ಮಾತು. ಗೆಲ್ಲುವ ಆಸೆಯಿಂದ ಐದು ಮಂದಿ ಜಾಣರನ್ನೇ ಆಡಿಸಿ, ಉಳಿದವರನ್ನು ನೀರಿನ ತಂಬಿಗೆ ಕಾಯಲು ಕೂಡಿಸುವ ರೂಢಿ ನಮ್ಮಲ್ಲಿ ಬಹಳ. ಇದಕ್ಕೆ ನಮ್ಮ ನಾಡಿನವರೇ ಒಬ್ಬರು ಉತ್ತಮವಾದ ಮಾದರಿಯನ್ನು ಹಾಕಿಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಬೆಳೆದ ಕ್ರಿಕೆಟ್ ಪಟು ರಾಹುಲ್ ದ್ರಾವಿಡರು ತಾವು ಆಡುವುದನ್ನು ನಿಲ್ಲಿಸಿದ ಮೇಲೆ, 2015ರಿಂದ, ಭಾರತದ ಹತ್ತೊಂಬತ್ತು ವರ್ಷದೊಳಗಿನವರ ತಂಡಕ್ಕೂ ‘ಎ’ ತಂಡಕ್ಕೂ ಗುರುಗಳಾದರು. ಅವರು ತರುಣರಾಗಿದ್ದಾಗ ಪ್ರವಾಸಕ್ಕೆ ಹೋಗಿ, ಒಂದು ಆಟವೂ ಸಿಕ್ಕದೆ ಮರಳಿದ ನೋವನ್ನು ಉಂಡವರು. ಆದುದರಿಂದ, ‘ಎ’ ತಂಡದಲ್ಲಿ ತಮ್ಮೊಡನೆ ಬಂದವನು ಒಂದು ಆಟವನ್ನಾದರೂ ಆಡದೆ ಮನೆಗೆ ಹಿಂದಿರುಗುವಂತಿಲ್ಲವೆಂಬ ನಿಯಮವನ್ನು ಇಟ್ಟುಕೊಂಡರು. ಹೀಗೆ ಎಲ್ಲರಿಗೂ ಅವಕಾಶ ಕೊಡುವ ಗುರುವಿನ ತಂಡವು ಸೋತಿತೇ? 2018ರ ಫೆಬ್ರವರಿ 3ರಂದು ನ್ಯೂಜಿಲೆಂಡಿನಲ್ಲಿ ಅವರ ತರುಣರು ಆಸ್ಟ್ರೇಲಿಯಾವನ್ನು ಸೋಲಿಸಿ ವಿಶ್ವಕಪ್ಪನ್ನು ಗೆದ್ದರು. ಆಗ ಕ್ರಿಕೆಟ್ ಮಂಡಳಿಯು ಗುರುವಿಗೆ 50 ಲಕ್ಷ ರೂಪಾಯಿ, ಅವರ ಸಹಾಯಕರಿಗೆ ತಲಾ 20 ಲಕ್ಷ ಎಂದು ಬಹುಮಾನ ಸಾರಿತು. ಈ ಭೇದವು ಸಲ್ಲದೆಂದು ದ್ರಾವಿಡರು ಆಕ್ಷೇಪಿಸಿದರು. ಕಡೆಗೆ ಅವರಿಗೂ ಸಹಾಯಕರಿಗೂ ಸಮನಾಗಿ 25 ಲಕ್ಷದಂತೆ ಸಂದಿತು. ತನ್ನ ಪಾಲಿನ ಅರ್ಧವನ್ನು ಬಿಟ್ಟುಕೊಟ್ಟ ಗುರುವನ್ನು ಕಂಡ ಹುಡುಗರಿಗೆ ‘ಒಗ್ಗಟ್ಟಿನಿಂದ ಆಡಿರಿ’ ಎಂದು ಬೇರೆ ಉಪದೇಶ ಮಾಡಬೇಕಾಗುವುದಿಲ್ಲ.

ಮಗುವಿನ ಅಳತೆಗೆ ಆಟವನ್ನು ಇಳಿಸುವುದೂ ಒಳ್ಳೆಯ ಮಾತಿನಷ್ಟೇ ಅಗತ್ಯ. ಹತ್ತು ಅಡಿಯ ಬಳೆಯು ಬೆಳೆದವರದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆಂದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯು ವಿಧಿಸಿರುವ ‘ಮಿನಿ’ ಆಟದಲ್ಲಿ ಬಳೆಯ ಎತ್ತರ 2.60 ಮೀಟರು, ಅಂದರೆ ಎಂಟೂವರೆ ಅಡಿ. ಚೆಂಡು 5ನೆಯ ನಂಬರಿನದು. ಅದರ ತೂಕ ಅರ್ಧ ಕಿಲೋಗ್ರಾಮಿಗೆ ಮಿಕ್ಕದು. ನಾವು ಕಂಬಕ್ಕೆ ಇನ್ನೊಂದು ತೂತು ಕೊರೆಸಿ ಹಲಗೆಯನ್ನು ಕೆಳಗಿಳಿಸಿದೆವು. ವೆಚ್ಚವು ಅತ್ಯಲ್ಪ. ಅದುವರೆಗೆ ‘ಕೈಲಾಗದವರು’ ಎನಿಸಿಕೊಂಡಿದ್ದ ನಾಲ್ವರು ಹುಡುಗರ ಚೆಂಡು ಆ ವಾರವೇ ಬಳೆಯೊಳಗೆ ಇಳಿಯಿತು. ಕೈಲಾಗದೆ ಇದ್ದುದು ಹುಡುಗರಿಗಲ್ಲ. ಅಳತೆ ತಪ್ಪಿದ್ದುದು ನಮ್ಮದು.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಒಂದು ಮಾತು. ಇದು ಗಂಡುಮಕ್ಕಳ ಆಟವೆಂದು ತಿಳಿದವರುಂಟು. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಏಷ್ಯಾ ಮಹಿಳೆಯರ ಕಪ್ಪಿನ ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ಹೆಣ್ಣುಮಕ್ಕಳು ಕಜಾಕಸ್ತಾನವನ್ನು 75–73ರಿಂದ, ಕೇವಲ ಎರಡು ಅಂಕಗಳಿಂದ, ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಅಣ್ಣನು ಬಯಲಿಗೆ ಹೋಗುವಾಗ ತಂಗಿಯನ್ನೂ ಕಳುಹಿಸಿರಿ.

ಇದುವರೆಗೆ ಕಲಿಸುವವರ ಮಾತಾಯಿತು. ಆದರೆ ಈ ಪತ್ರಿಕೆಯನ್ನು ಓದುವವರು ಬಹುಮಟ್ಟಿಗೆ ತಂದೆತಾಯಿಗಳು, ಅಜ್ಜ ಅಜ್ಜಿಯರು. ನಮ್ಮ ಪಾಲಿನ ಕರ್ತವ್ಯವೂ ಚಿಕ್ಕದಲ್ಲ. ಗೆರೆಯಾಚೆ ನಿಂತು ನಾವು ‘ಇಲ್ಲಿ ಎಸಿ, ಅಲ್ಲಿ ಓಡು’ ಎಂದು ಕೂಗಿದರೆ, ಗುರುವಿನ ಮಾತು ಒಂದು, ನಮ್ಮದು ಇನ್ನೊಂದಾಗಿ, ಮಗುವಿನ ಕಾಲು ನಿಂತಲ್ಲೇ ನಿಲ್ಲುತ್ತದೆ. ಚಪ್ಪಾಳೆ ಹೊಡೆಯಿರಿ, ಎದುರು ಪಕ್ಷದ ಮಗು ಚೆನ್ನಾಗಿ ಆಡಿದರೆ ಅದಕ್ಕೂ ಹೊಡೆಯಿರಿ. ಪರರ ಮುಂದೆ ಮಗುವಿನ ತಪ್ಪಿಗೆ ನಗಬೇಡಿರಿ. ಎಲ್ಲಕ್ಕಿಂತ ಮುಖ್ಯವಾದುದು ಮನೆಗೆ ಮರಳುವ ದಾರಿ. ಸೋತ ಮಗುವು ದಣಿದಿರುತ್ತದೆ, ಹಸಿದಿರುತ್ತದೆ. ಆಗ ‘ಆ ಚೆಂಡು ಯಾಕ ಬಿಟ್ಟಿ?’ ಎಂದು ವಿಚಾರಣೆ ಆರಂಭಿಸಿದರೆ ಅದಕ್ಕೆ ಆಟವು ನ್ಯಾಯಸ್ಥಾನವಾಗುತ್ತದೆ. ಮೊದಲು ರೊಟ್ಟಿ ಬಡಿಸಿರಿ. ಮಾತು ಅದರಿಂದಲೇ ಬಂದರೆ ಕೇಳಿರಿ. ಬಾರದಿದ್ದರೆ ‘ನೀನು ಆಡೋದು ನೋಡಿ ನನಗ ಸಂತೋಷ ಆತು’ ಎಂದಿಷ್ಟೇ ಹೇಳಿರಿ.

ಇನ್ನು ಆ ಗಿಡ್ಡ ಹುಡುಗನ ಕಥೆ. ಹಲಗೆ ಇಳಿಸಿದ ಸುದ್ದಿ ಹೇಳುವ ನೆವದಿಂದ ನಾನು ಅವನ ಮನೆಗೆ ಎರಡನೆಯ ಸಲ ಹೋದೆನು. ಈ ಸಲ ಹುಡುಗನನ್ನೇ ಕರೆದು, ಅವನ ಅಜ್ಜಿಯ ಮುಂದೆಯೇ, “ತಮ್ಮಾ, ಅವತ್ತು ಮಂದಿ ಮುಂದ ನಾ ಆಡಿದ ಮಾತು ತಪ್ಪಾತು” ಎಂದೆನು. ಅಷ್ಟು ವಯಸ್ಸಾದವನು ಹುಡುಗನ ಮುಂದೆ ಹೀಗೆ ಹೇಳುವುದು ಸುಲಭವಾಗಿರಲಿಲ್ಲ. ಆದರೆ ಬೈದುದು ನಾಲ್ಕು ಜನರ ಎದುರಿನಲ್ಲಾದರೆ ತಪ್ಪೊಪ್ಪುವುದೂ ಒಬ್ಬರ ಎದುರಿನಲ್ಲಾದರೂ ಆಗಬೇಕಷ್ಟೆ. ಅವನು ಏನೂ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಬಯಲಿಗೆ ಬಂದು ಬೇವಿನ ಗಿಡದ ಕೆಳಗೆ ಕುಳಿತನು. ಐದನೆಯ ದಿನ ಆಡಿದನು. ಮುಂದೆ ಅವನೇನೂ ದೊಡ್ಡ ಆಟಗಾರನಾಗಲಿಲ್ಲ. ಆದರೆ ಶಾಲೆ ಬಿಡುವವರೆಗೂ ಆಟವನ್ನು ಬಿಡಲಿಲ್ಲ. ಕೊನೆಯ ವರ್ಷದ ಒಂದು ಸಂಜೆ, ಹೊಸದಾಗಿ ಸೇರಿದ ಪುಟ್ಟ ಹುಡುಗನೊಬ್ಬನಿಗೆ ಅವನು, “ನೆಲ ನೋಡಬ್ಯಾಡೋ, ನನ್ನ ಮಾರಿ ನೋಡು” ಎಂದು ಹೇಳಿಕೊಡುತ್ತಿದ್ದುದನ್ನು ನಾನು ದೂರದಿಂದ ಕೇಳಿದೆನು.

ಅವನ ಹಿಂದೆ ಬಿಟ್ಟುಹೋದ ಇನ್ನೊಬ್ಬ ಹುಡುಗನನ್ನು ವಾಚಕರು ಮರೆತಿರಲಿಕ್ಕಿಲ್ಲ. ಅವನ ಮನೆಗೆ ನಾನು ಬೇಗ ಹೋಗಲಿಲ್ಲ. ಇಂದು ನಾಳೆ ಎನ್ನುತ್ತಿರುವಾಗಲೇ ಅವರ ಮನೆಯವರು ದುಡಿಯಲು ಬೇರೆ ಊರಿಗೆ ಹೋದರು. ಅವನು ಮತ್ತೆ ಚೆಂಡು ಹಿಡಿದನೋ ಇಲ್ಲವೋ ನನಗೆ ತಿಳಿಯದು. ಆ ಗೆರೆಯು ಮಾತ್ರ ನನ್ನ ನೋಟುಬುಕ್ಕಿನಲ್ಲಿ ಅಳಿಯದೆ ಉಳಿದಿದೆ.

ಆದುದರಿಂದ ಕಾಗದ ಬರೆದ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಮಗನನ್ನು ಕಾರಣ ಕೇಳುವುದನ್ನು ಸದ್ಯಕ್ಕೆ ಬಿಡಿರಿ. ಒಂದು ಸಂಜೆ ಚೆಂಡನ್ನು ತೆಗೆದುಕೊಂಡು ನೀವೇ ಅಂಗಳಕ್ಕೆ ಇಳಿಯಿರಿ. ‘ಇದನ್ನು ಹ್ಯಾಂಗ ಪುಟಿಸೋದು, ನನಗ ಕಲಿಸು’ ಎಂದು ಅವನನ್ನು ಗುರುವಾಗಿ ಮಾಡಿಕೊಳ್ಳಿರಿ. ನೀವು ತಪ್ಪಿದಾಗ ಅವನು ನಿಮಗೆ ಏನು ಹೇಳುತ್ತಾನೆಂಬುದನ್ನು ಲಕ್ಷ್ಯಗೊಟ್ಟು ಕೇಳಿರಿ. ಅವನು ಬಯಲಿನಲ್ಲಿ ಕೇಳಿ ಬಂದ ಮಾತು ಯಾವುದೆಂಬುದು ಆಗ ನಿಮಗೆ ಗೊತ್ತಾಗುವುದು. ಅನಂತರ ಅವನ ತಂಡದ ಗುರುವನ್ನು ಕಂಡು, ಜಗಳಕ್ಕೆಂದಲ್ಲ, ಕೂಡಿ ವಿಚಾರಿಸಲೆಂದು ಮಾತನಾಡಿರಿ. ಆದರೆ ತಡಮಾಡಬೇಡಿರಿ.